ಹೇಳಿ ಹೋಗುವ ಅಭ್ಯಾಸ

ಆ ಗುರುವಾರದ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೆಯೇ ಶುರುವಾಗಿತ್ತು. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿದೆ. ರಂಗೋಲಿ ಡಬ್ಬಿಯಲ್ಲಿ ತಳ ಕಂಡಿದ್ದರಿಂದ ಏಳು ಚುಕ್ಕಿಯದನ್ನು ಬಿಟ್ಟು ಐದು ಚುಕ್ಕಿಯದರಲ್ಲೇ ಮುಗಿಸಿದೆ. ನಮ್ಮವರಿಗೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಆ ವಾರ ಮೊದಲ ಶಿಫ್ಟು. ಡಬ್ಬಿಗೆ ಚಿತ್ರಾನ್ನ ತುಂಬಿ, ನಿಂಬೆಹಣ್ಣಿನ ಬೀಜ ಉಳಿದಿದೆಯೇನೋ ಎಂದು ಚಮಚದಲ್ಲಿ ಕೆದಕಿ ನೋಡಿ ಮುಚ್ಚಳ ಹಾಕಿದೆ. ಅವರು ಶೂ ಕಟ್ಟಿಕೊಳ್ಳುತ್ತಾ, ಸುಧಾ ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಕೇಳಿದರು. ಹನ್ನೊಂದಕ್ಕೆ ಎಂದೆ. ಸುಧಾ ಅವರ ತಂಗಿ, ನಂದಗುಡಿಗೆ ಕೊಟ್ಟಿದೆ. ಗೇಟಿನ ಚಿಲಕ ತೆಗೆದವರು ತಿರುಗಿ ನಿಂತು, "ಅದನ್ನ ತೋರಿಸ್ತೀಯಾ ಅವಳಿಗೆ?" ಅಂದರು. ತೋರಿಸ್ತೀನಿ ಅಂದೆ. ಇನ್ನೇನೋ ಹೇಳುವವರಿದ್ದರು, ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಅವರು ಹೋದಮೇಲೆ ಬೀದಿಯ ಮಗ್ಗಗಳು ಶುರುವಾಗುವವರೆಗೆ ನನಗೆ ಮುಕ್ಕಾಲು ಗಂಟೆ ಸಿಗುತ್ತದೆ. ದೊಡ್ಡಬಳ್ಳಾಪುರದ ನಮ್ಮ ಭಾಗದಲ್ಲಿ ವಿದ್ಯುತ್ ಮಗ್ಗ ಹಾಕಿದರೋ ಮುಗಿಯಿತು, ಪಕ್ಕದಲ್ಲೇ ನಿಂತು ಕೂಗಿದರೂ ಕೇಳಿಸುವುದಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ದೀಪ ಹಚ್ಚಿ, ಸೆರಗಿಗೆ ಕೈ ಒರೆಸಿಕೊಂಡು, ಹೊರಕೋಣೆಗೆ ಹೋಗಿ ಮಾವನವರ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯುತ್ತೇನೆ. ತೆಗೆಯುತ್ತಿದ್ದೆ ಎನ್ನಬೇಕು ಈಗ.

ಅದು ಹಳೆಯ ಯಂತ್ರ. ಮಾವನವರು ಪಾಲಿಟೆಕ್ನಿಕ್ಕಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದರು. ಬೀದಿಗೆಲ್ಲ ಅವರು ಮೇಷ್ಟ್ರು. ನಿವೃತ್ತರಾಗುವ ವರ್ಷ ಲ್ಯಾಬಿನವರು ಬಿಸಾಡಲು ಇಟ್ಟಿದ್ದನ್ನು ಕೇಳಿಕೊಂಡು ತಂದು, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದರು. ಮಾಲೀಕರಿಲ್ಲದ್ದು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ್ದು ಎಂದು ಅವರಿಗೆ ಅದರ ಮೇಲೆ ಪ್ರೀತಿ. ಬಣ್ಣದ ಚಿತ್ರವಿಲ್ಲ, ಮೌಸ್ ಇಲ್ಲ. ಶುರುವಾಗುವಾಗ ಬಿಳಿ ಅಕ್ಷರದ ಸಾಲುಗಳು ಸರಸರ ಮೇಲಕ್ಕೆ ಓಡುತ್ತವೆ. "ಸಂಧ್ಯಾವಂದನೆ ಮಾಡ್ತಿದೆ, ತಡಿ" ಅನ್ನುತ್ತಿದ್ದರು ಅದಕ್ಕೆ. ಆಮೇಲೆ ಕಪ್ಪು ಪರದೆ, ಹೆಸರು ಕೇಳುತ್ತದೆ, ಗುಟ್ಟಿನ ಮಾತು ಕೇಳುತ್ತದೆ. ಗುಟ್ಟಿನ ಮಾತು ನಮ್ಮ ಅತ್ತೆಯವರ ಹೆಸರು. ನಲವತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ಹೆಂಡತಿಯನ್ನು ಹೆಸರು ಹಿಡಿದು ಕರೆಯದವರು, ಆಕೆ ತೀರಿಕೊಂಡಮೇಲೆ ದಿನಾ ಬೆಳಿಗ್ಗೆ ಅದನ್ನೇ ಒತ್ತುತ್ತಿದ್ದರು. ಗುಟ್ಟಿನ ಮಾತನ್ನು ಒತ್ತುವಾಗ ಪರದೆಯ ಮೇಲೆ ಒಂದಕ್ಷರವೂ ಕಾಣುವುದಿಲ್ಲವಲ್ಲ, ಅದೇ ಧೈರ್ಯ ಇರಬೇಕು.

ಈ ಕಪ್ಪು ಪರದೆಗೆ ಶೆಲ್ ಎಂದು ಹೆಸರು. ಶೆಲ್ ಎಂದರೆ ಏನೆಂದು ನಿಮ್ಮಲ್ಲಿ ಅನೇಕರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ನನ್ನ ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಮೌಸ್ ಇರುವ ಕಂಪ್ಯೂಟರು ಹೋಟೆಲಿನ ಹಾಗೆ, ಚಿತ್ರ ನೋಡಿ ಬೆರಳು ತೋರಿಸಿದರೆ ತಟ್ಟೆ ಬರುತ್ತದೆ. ಇದು ಹಾಗಲ್ಲ, ಒಳಗಿರುವ ಅಡಿಗೆಯವನಿಗೆ ಬಾಯಿಬಿಟ್ಟು ಹೇಳಬೇಕು. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಮಾಡಿ ಕೊಡುತ್ತಾನೆ. ಅವನಿಗೆ ಗೊತ್ತಿಲ್ಲದ ಮಾತು ಹೇಳಿದರೆ ಆ ಮಾತನ್ನೇ ತಿರುಗಿ ಹೇಳಿ ಮುಂದೆ 'ಕಮಾಂಡ್ ನಾಟ್ ಫೌಂಡ್' ಎಂದು ಸೇರಿಸುತ್ತಾನೆ. ಸಿಟ್ಟಿಲ್ಲ, ಬೇಸರವಿಲ್ಲ. ಹತ್ತು ಸಲ ಹೇಳಿದರೆ ಹತ್ತು ಸಲವೂ ಅಷ್ಟೇ.

ನಾನು ಇದನ್ನು ಕಲಿತದ್ದೇ ಒಂದು ಕಥೆ. ಈ ಮನೆಗೆ ಬಂದು ಬಹಳ ವರ್ಷ ಮಾವನವರು ನನ್ನೊಡನೆ ನೇರವಾಗಿ ಮಾತಾಡಿದವರೇ ಅಲ್ಲ. ಕೋಪವಲ್ಲ, ಪದ್ಧತಿ. ಕಾಫಿ ಬೇಕಾದರೆ ಅತ್ತೆಯವರನ್ನು ನೋಡಿ, "ಕಾಫಿ ಆಯ್ತಾ ಕೇಳು" ಎನ್ನುತ್ತಿದ್ದರು. ನಾನು ಎರಡು ಮೊಳ ದೂರದಲ್ಲಿ ನಿಂತಿರುತ್ತಿದ್ದೆ. ಅತ್ತೆ ನನ್ನ ಕಡೆ ತಿರುಗಿ ಅದನ್ನೇ ಕೇಳುತ್ತಿದ್ದರು. ನಾನು ಅತ್ತೆಗೆ ಆಯ್ತು ಎನ್ನುತ್ತಿದ್ದೆ, ಅವರು ಮಾವನಿಗೆ ಆಯ್ತಂತೆ ಎನ್ನುತ್ತಿದ್ದರು. ಲಿನಕ್ಸಿನಲ್ಲಿ ಪೈಪ್ ಎಂದೊಂದಿದೆ. ಒಂದು ಕಮಾಂಡ್ ಹೇಳಿದ್ದನ್ನು ಇನ್ನೊಂದರ ಬಾಯಿಗೆ ಸುರಿಯುವ ಕೊಳವೆ. ಅದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ, ನಾನು ಹನ್ನೆರಡು ವರ್ಷ ಪೈಪಿನ ಕೊನೆಯಲ್ಲಿ ಬದುಕಿದವಳು.

ಅತ್ತೆ ಹೋದಮೇಲೆ ಪೈಪು ಕಿತ್ತುಹೋಯಿತು. ಒಂದೆರಡು ತಿಂಗಳು ಮನೆಯಲ್ಲಿ ಕೆಮ್ಮು, ಲೋಟ ಕುಟ್ಟುವ ಸದ್ದು, ಇಷ್ಟೇ. ಒಂದು ದಿನ ಕಾಫಿ ಇಟ್ಟು ಬಾಗಿಲಲ್ಲಿ ನಿಂತಿದ್ದೆ. ಅವರು ಪರದೆಯನ್ನೇ ನೋಡುತ್ತಾ ಕಂಪ್ಯೂಟರಿಗೆ ಹೇಳುವ ಹಾಗೆ, "ಈಗ ಎಲ್‌ಎಸ್ ಅಂದ್ರೆ, ಏನೇನಿದೆ ತೋರ್ಸು ಅಂತ" ಅಂದರು. ನಾನು ಹೋಗಲಿಲ್ಲ. "ಸಿಡಿ ಅಂದ್ರೆ ಆ ಕೋಣೆಗೆ ಹೋಗು ಅಂತ." ಹೀಗೆ ನಾನು ಬಾಗಿಲಲ್ಲಿ, ಅವರು ಕುರ್ಚಿಯಲ್ಲಿ, ನಡುವೆ ಕಂಪ್ಯೂಟರು ಅತ್ತೆಯ ಜಾಗದಲ್ಲಿ. ಪಾಠ ಶುರುವಾಯಿತು. ಆರು ತಿಂಗಳಾದ ಮೇಲೆ ಒಂದು ಸ್ಟೂಲು ತಂದು ಪಕ್ಕದಲ್ಲಿಟ್ಟರು. ಕೂತ್ಕೋ ಎನ್ನಲಿಲ್ಲ. ಸ್ಟೂಲನ್ನು ಇಟ್ಟರು, ಅಷ್ಟೇ.

ಅವರ ಬೋಧನೆಯಲ್ಲಿ ಎರಡು ಮುಖ್ಯ. ಒಂದು, ಇದು ಏನೂ ಮಾತಾಡದೆ ಸುಮ್ಮನೆ ಇದ್ದರೆ ಎಲ್ಲ ಸರಿಯಾಗಿದೆ ಎಂದು ತಿಳಿಯಬೇಕು. ಎರಡು, ಕೆಲಸ ಮುಗಿದಮೇಲೆ ಎಕ್ಸಿಟ್ ಎಂದು ಬರೆದು ಹೊರಡಬೇಕು. ಪ್ಲಗ್ ಕಿತ್ತುಕೊಂಡು ಹೋಗಬಾರದು, ಬಂದ ಮನೆಯಿಂದ ಹೇಳದೆ ಎದ್ದು ಹೋಗುತ್ತಾರೆಯೇ? ಎರಡನೆಯದು ನನಗೆ ಹಾಲು ಕುಡಿದ ಹಾಗೆ ಹಿಡಿಸಿತು. ನಾನು ಕೋಲಾರದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಒಬ್ಬ ಸಿಸ್ಟರ್ ಇದ್ದರು, ಕ್ಲಾಸಿನಿಂದ ಹೊರಡುವಾಗ ಅನುಮತಿ ಕೇಳಿ, ಮೊಣಕಾಲು ಒಂದಿಷ್ಟು ಬಾಗಿಸಿ, ಥ್ಯಾಂಕ್ಯೂ ಹೇಳದಿದ್ದರೆ ಮತ್ತೆ ಒಳಗೆ ಕರೆದು ಮತ್ತೆ ಹೊರಡಿಸುತ್ತಿದ್ದರು. ಒಮ್ಮೆ ನನ್ನನ್ನು ಐದು ಸಲ ಹೊರಡಿಸಿದ್ದರು, ಅಷ್ಟರಲ್ಲಿ ನಮ್ಮೂರ ಬಸ್ಸು ಹೋಗಿತ್ತು. ಇವತ್ತಿಗೂ ತರಕಾರಿ ಅಂಗಡಿಯವನಿಗೆ ಬರ್ತೀನಪ್ಪಾ ಎಂದು ಹೇಳದೆ ಹೊರಡಲು ನನ್ನ ಕಾಲು ಏಳುವುದಿಲ್ಲ. ಗಿರಾಕಿಗಳ ನಡುವೆ ಅವನಿಗೆ ಕೇಳಿಸಿರುವುದೇ ಇಲ್ಲ, ನಾನು ಇನ್ನೊಂದು ಸಲ ಹೇಳುತ್ತೇನೆ.

ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ಮಾವನವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಬಾಯಿ ಹೋಯಿತು. ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ, ಅದೇ ದೊಡ್ಡ ಶಿಕ್ಷೆ. ಎಡಗೈಯಲ್ಲಿ ಪೆನ್ನು ಹಿಡಿದರೆ ಅಕ್ಷರ ಕೋಳಿ ಕೆದಕಿದ ಹಾಗೆ. ಮೊಬೈಲಿನ ಗಾಜನ್ನು ನಡುಗುವ ಬೆರಳು ಮುಟ್ಟಿದರೆ ಹತ್ತು ಕಡೆ ಮುಟ್ಟುತ್ತಿತ್ತು. ಮೂರನೆಯ ವಾರ ಗಾಲಿಕುರ್ಚಿಯನ್ನು ಹೊರಕೋಣೆಗೆ ತಳ್ಳು ಎಂದು ಕಣ್ಣಲ್ಲೇ ಹೇಳಿದರು. ಆ ಹಳೆಯ ಕೀಬೋರ್ಡಿನ ಕೀಲಿಗಳು ಒತ್ತಿದರೆ ಒತ್ತಿದೆ ಎಂದು ಕೈಗೆ ತಿಳಿಯುವಂಥವು. ಎಡಗೈಯ ತೋರುಬೆರಳಿನಿಂದ ಒಂದೊಂದೇ, ಟಕ್, ಟಕ್, ಟಕ್. ಮೊದಲು ಬರೆದದ್ದು ಕಾಫಿ.

'ಕಾಫಿ: ಕಮಾಂಡ್ ನಾಟ್ ಫೌಂಡ್' ಅಂದಿತು ಯಂತ್ರ. ನಾನು ಓಡಿಹೋಗಿ ತಂದೆ.

ಅಲ್ಲಿಂದ ಎಂಟು ತಿಂಗಳು ಅವರು ಮಾತಾಡಿದ್ದೆಲ್ಲ ಹೀಗೆಯೇ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎಂಟರ್ ಒತ್ತುವುದು. ಫ್ಯಾನು, ನೀರು, ಬೆನ್ನು, ಸಾಕು. ಪ್ರತಿ ಮಾತಿಗೂ ಯಂತ್ರದ್ದು ಇಲ್ಲ ಎಂಬ ಉತ್ತರ, ನನ್ನದು ಹೂಂ ಎಂಬ ಉತ್ತರ. ಬೇರೆ ಅಚ್ಚುಕಟ್ಟಾದ ದಾರಿಗಳಿದ್ದವು. ನಮ್ಮವರು ಯಾವುದೋ ದೊಡ್ಡ ಅಕ್ಷರದ ಆಟಿಕೆಯಂಥದ್ದನ್ನು ತರಿಸಿದ್ದರು, ಅವರು ಅದನ್ನು ಮುಟ್ಟಲೂ ಇಲ್ಲ. ಈ ಕಪ್ಪು ಪರದೆಯಲ್ಲಿ ಏನು ಹೇಳಿದರೂ ಒಂದು ಮರುಮಾತು ಬರುತ್ತಿತ್ತಲ್ಲ, ಅದು ಬೇಕಾಗಿತ್ತು ಎಂದು ಕಾಣುತ್ತದೆ. ಒಂದು ಸಲ ಗೇಟಿನ ಸದ್ದಾಯಿತು, ಯಾರು ಬಂದದ್ದು ಎಂದು ಕೇಳಲು 'ಹೂ' ಎಂದು ಇಂಗ್ಲಿಷಿನಲ್ಲಿ ಒತ್ತಿದರು. ಅದು ನಿಜವಾದ ಕಮಾಂಡು. ಈಗ ಇಲ್ಲಿ ಕೂತಿರುವವರು ಇಂಥವರು, ಇಷ್ಟು ಗಂಟೆಯಿಂದ, ಎಂದು ಅವರದೇ ಹೆಸರನ್ನು ಅವರಿಗೇ ಹೇಳಿತು. ಅರ್ಧ ಮುಖದಲ್ಲಿ ನಕ್ಕರು. ಇನ್ನೊಂದು ದಿನ ನಾನೂ ಅವರಿಗೆ ಬರೆದೇ ಹೇಳೋಣವೆಂದು ಇಂಗ್ಲಿಷಿನಲ್ಲಿ 'ಡೋಂಟ್ ವರಿ' ಎಂದು ಬರೆದೆ. ಕಾನ್ವೆಂಟಿನವಳು, ಡೋಂಟ್‌ನಲ್ಲಿ ಬರುವ ಆ ಮೇಲುಚಿಹ್ನೆಯನ್ನು ಬಿಡುತ್ತೇನೆಯೇ? ಶೆಲ್ಲಿಗೆ ಆ ಚಿಹ್ನೆ ಎಂದರೆ ಮಾತು ಶುರುವಾಯಿತು, ಮುಗಿಯುವ ಚಿಹ್ನೆ ಬರುವವರೆಗೂ ಕಾಯಬೇಕು ಎಂದು. ಅದು ಕಾಯುತ್ತಲೇ ಕೂತಿತು. ನಾನು ಏನು ಬರೆದರೂ ಕೇಳಿಸಿಕೊಳ್ಳುತ್ತದೆ, ಉತ್ತರವಿಲ್ಲ. ಅವತ್ತು ಅವರು ಭುಜ ಕುಲುಕುವಷ್ಟು ನಕ್ಕರು. ಅತ್ತೆ ಹೋದಮೇಲೆ ಆ ಮನುಷ್ಯ ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸುಧಾಳ ಮಾತಿಗೆ ಬರುತ್ತೇನೆ. ಬರಬಾರದೆಂದೇ ಇಷ್ಟು ಸುತ್ತು ಹಾಕಿದೆ.

ಸ್ಟ್ರೋಕಿಗೆ ಒಂದು ವರ್ಷ ಮೊದಲು ನಂದಗುಡಿಯಲ್ಲಿ ಅವಳ ಅತ್ತೆಮನೆಯವರು ಯಾವುದೋ ಯೋಜನೆಗೆ ಜಮೀನು ಬಿಟ್ಟುಕೊಡಲು ಒಪ್ಪಿಕೊಂಡರು. ರಾಗಿ ಬೆಳೆಯುವ ಮಣ್ಣು ಕೊಡುವ ಮನೆಯಲ್ಲಿ ನಾನು ಊಟ ಮಾಡೋದಿಲ್ಲ ಎಂದು ಮಾವನವರು ನಾಲ್ಕು ಜನರ ಮುಂದೆ ಅಂದುಬಿಟ್ಟರು. ಹಾಗಾದರೆ ನಾನೂ ನಿಮ್ಮ ಮನೆಗೆ ಬರೋದಿಲ್ಲ ಎಂದಳು ಸುಧಾ. ಅಪ್ಪ ಮಗಳು ಇಬ್ಬರದೂ ಒಂದೇ ಅಚ್ಚು. ಸ್ಟ್ರೋಕ್ ಆದಾಗ ಆಸ್ಪತ್ರೆಗೆ ಒಂದು ಸಲ ಬಂದಳು. ಅವರ ಮುಖ ಗೋಡೆಯ ಕಡೆ ಇತ್ತು. ಅವರಿಗೆ ತಾವಾಗಿ ಕತ್ತು ತಿರುಗಿಸಲು ಆಗುತ್ತಿರಲಿಲ್ಲ, ನರ್ಸು ಹೇಗೆ ಮಲಗಿಸಿದರೋ ಹಾಗೆ. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ. ನಾನು ಫ್ಲಾಸ್ಕಿಗೆ ಹಾಲು ತರಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು.

ಮನೆಗೆ ಬಂದಮೇಲೆ, ಕಾಫಿ ನೀರುಗಳ ನಡುವೆ, ಒಂದು ಬೆಳಿಗ್ಗೆ ಆ ಬೆರಳು ಐದು ಅಕ್ಷರ ಒತ್ತಿತು. ಸುಧಾ. ಯಂತ್ರ ಹೇಳಿತು, ಸುಧಾ: ಕಮಾಂಡ್ ನಾಟ್ ಫೌಂಡ್.

ನಾನು ಪಕ್ಕದ ಸ್ಟೂಲಿನಲ್ಲೇ ಇದ್ದೆ. ನನ್ನ ಕಡೆ ನೋಡಿದರು. ನಾನು, "ಬರ್ತಾಳೆ ಮಾವ" ಅಂದೆ. ಮರುದಿನ ಮತ್ತೆ. ಆಮೇಲೆ ದಿನಾ. ಕೆಲವು ದಿನ ಬರೀ ಹೆಸರು. ಕೆಲವು ದಿನ 'ಸುಧಾ ಬಂದಳಾ'. ಒಂದು ದಿನ 'ಸುಧಾ ಊಟ'. ಅವಳ ಮನೆಯಲ್ಲಿ ಊಟ ಮಾಡುತ್ತೇನೆ ಎಂದೋ, ಅವಳ ಊಟ ಆಯಿತಾ ಎಂದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನಾನು ಅವಳಿಗೆ ಫೋನ್ ಮಾಡಲಿಲ್ಲ.

ಮಾಡೋಣ ಎಂದುಕೊಂಡೆ, ಎಷ್ಟೋ ಸಲ. ಅವರಿಗೆ ಸ್ನಾನ ಮಾಡಿಸಿ, ಒದ್ದೆ ಹಾಸಿಗೆ ಬದಲಾಯಿಸಿ, ಗಂಜಿ ಕುಡಿಸಿ, ಗಲ್ಲ ಒರೆಸಿ, ಬಂದು ಸ್ಟೂಲಿನ ಮೇಲೆ ಕೂತರೆ ಪರದೆಯ ಮೇಲೆ ಸುಧಾ. ಹದಿನಾರು ವರ್ಷ ಈ ಮನೆಯಲ್ಲಿ ದುಡಿದಿದ್ದೇನೆ, ನನ್ನ ಹೆಸರನ್ನು ಆ ಬೆರಳು ಒಂದು ಸಲವೂ ಒತ್ತಲಿಲ್ಲ. ಎದುರಿಗೇ ಕೂತವಳ ಹೆಸರನ್ನು ಯಾರಾದರೂ ಯಾಕೆ ಬರೆಯುತ್ತಾರೆ ಎಂದು ಈಗ ಅನ್ನಿಸುತ್ತದೆ. ಆಗ ಹೊಟ್ಟೆಯಲ್ಲಿ ಸಣ್ಣ ಕಿಚ್ಚು. ತಾನಾಗಿ ಬರಲಿ, ನಾನೇಕೆ ಕರೆಯಲಿ ಎಂದುಕೊಂಡೆ. ನಮ್ಮವರಿಗೂ ಹೇಳಲಿಲ್ಲ. ಅವರು ಶಿಫ್ಟು ಮುಗಿಸಿ ಬರುವಷ್ಟರಲ್ಲಿ ಪರದೆ ತೊಳೆದು ಖಾಲಿ ಮಾಡಿಟ್ಟಿರುತ್ತಿದ್ದೆ. ಅದಕ್ಕೂ ಒಂದು ಕಮಾಂಡ್ ಇದೆ, ಮಾವನವರೇ ಕಲಿಸಿದ್ದು. ನನ್ನನ್ನು ಎಲ್ಲರೂ ಸಾಧು ಎನ್ನುತ್ತಾರೆ. ಸಾಧುಗಳ ಕೈಯಲ್ಲಿ ಎಷ್ಟೊಂದು ಕೆಲಸ ಸದ್ದಿಲ್ಲದೆ ಆಗಿಹೋಗುತ್ತದೆ.

ಇವತ್ತು ಮಾಡುತ್ತೇನೆ, ನಾಳೆ ಮಾಡುತ್ತೇನೆ ಎನ್ನುತ್ತಿರುವಾಗಲೇ ಒಂದು ಮಧ್ಯಾಹ್ನ ಅವರು ಹೋಗಿಬಿಟ್ಟರು. ಸುಧಾ ಮಣ್ಣಿಗೆ ಬಂದಳು. ಮೂಲೆಯಲ್ಲಿ ಕೂತಿದ್ದಳು, ಅಳಲಿಲ್ಲ.

ಹದಿಮೂರನೆಯ ದಿನ ಕಳೆದಮೇಲೆ ನಾನು ಯಂತ್ರ ಹಾಕಿದೆ. ಹಿಸ್ಟರಿ ಎಂದು ಒಂದು ಕಮಾಂಡ್ ಇದೆ. ಇದುವರೆಗೆ ಇಲ್ಲಿ ಯಾರು ಏನೇನು ಬರೆದರೋ ಅದನ್ನೆಲ್ಲ, ತಪ್ಪಿದ್ದನ್ನೂ ಸೇರಿಸಿ, ಸಾಲಿಗೊಂದು ಸಂಖ್ಯೆ ಹಾಕಿ ತೋರಿಸುತ್ತದೆ. ಒತ್ತಿದೆ. ಎಂಟು ತಿಂಗಳ ಮಾತು ಅಷ್ಟೂ ಇತ್ತು. ಕಾಫಿ, ಫ್ಯಾನು, ಬೆನ್ನು, ಸುಧಾ, ನೀರು, ಸುಧಾ, ಸಾಕು. ಮೇಲಿನಿಂದ ಕೆಳಗಿನವರೆಗೆ ಓದಿದೆ. ಮೊದಲ ತಿಂಗಳು ದಿನಾ ಓದಿದೆ. ಆಮೇಲೆ ಆಗಲಿಲ್ಲ. ಅದು ಇದೆ ಎನ್ನುವುದೇ ಸಾಕಾಗಿತ್ತು. ಟ್ರಂಕಿನಲ್ಲಿ ಮದುವೆ ಸೀರೆ ಇದೆ ಎಂದು ಗೊತ್ತಿದ್ದರೆ ಸಾಲದೇ, ದಿನಾ ಬಿಚ್ಚಿ ನೋಡುತ್ತೇವೆಯೇ? ರೇಷ್ಮೆಯ ಊರಿನವಳಾಗಿ ನನಗೆ ಗೊತ್ತಿರಬೇಕಿತ್ತು, ಬಿಚ್ಚಿ ಮಡಿಕೆ ಬದಲಾಯಿಸದ ಸೀರೆ ಮಡಿಕೆಯಲ್ಲೇ ಸೀಳುತ್ತದೆ.

ಆದರೆ ದಿನಾ ಹೋಗುವುದನ್ನು ಬಿಡಲಿಲ್ಲ. ಡೇಟ್ ಎಂದು ಬರೆದು ಹೊತ್ತು ಕೇಳುತ್ತಿದ್ದೆ, ಕ್ಯಾಲ್ ಎಂದು ಬರೆದು ಆ ತಿಂಗಳ ಕ್ಯಾಲೆಂಡರು ನೋಡುತ್ತಿದ್ದೆ. ಆಮೇಲೆ ಮಾವನವರಿಗೆ ಎರಡು ಮಾತು. ಮಾವ, ಇವತ್ತು ಅವರೆಕಾಳು ಸಾರು. ಮಾವ, ನಿಮ್ಮ ಮಗನಿಗೆ ಮಂಡಿ ನೋವು. ಯಂತ್ರ ಪ್ರತಿಯೊಂದಕ್ಕೂ ನಾಟ್ ಫೌಂಡ್ ಎನ್ನುತ್ತಿತ್ತು, ಅಭ್ಯಾಸದ ಉತ್ತರ, ಬೇಸರವಾಗುತ್ತಿರಲಿಲ್ಲ. ನಾನು ಹತ್ತು ಬೆರಳಲ್ಲಿ ಟೈಪಿಂಗ್ ಕಲಿತವಳು. ಆದರೂ ಆ ಕೀಬೋರ್ಡಿನ ಮುಂದೆ ಕೂತರೆ ಯಾಕೋ ಎಡಗೈಯ ಒಂದೇ ಬೆರಳು ಮುಂದಾಗುತ್ತಿತ್ತು. ಕೊನೆಗೆ ಹಿಸ್ಟರಿ ಒತ್ತುತ್ತಿದ್ದೆ. ಸಾಲುಗಳು ಮಗ್ಗದ ಲಾಳಿಯ ಹಾಗೆ ಭರ್ರೆಂದು ಓಡಿ ನಿಲ್ಲುತ್ತಿದ್ದವು. ಕೊನೆಯ ಪರದೆಯಲ್ಲಿ ಕಾಣುತ್ತಿದ್ದದ್ದು ನನ್ನವೇ ಸಾಲು, ಅವರವು ಮೇಲೆ ಎಲ್ಲೋ ಇವೆ. ಸರಿ, ಇವೆ. ಎಕ್ಸಿಟ್ ಎಂದು ಹೇಳಿ ಎದ್ದು ಬರುತ್ತಿದ್ದೆ.

ಕೊನೆಯ ಸಾಲಿನ ಸಂಖ್ಯೆ ಎಷ್ಟೋ ತಿಂಗಳಿಂದ ಸಾವಿರದ ಆಸುಪಾಸಿನಲ್ಲೇ ನಿಂತಿತ್ತು. ನೋಡಿದ್ದೆ. ಚಿತ್ರಾನ್ನದಲ್ಲಿ ಒಂದು ಬೀಜ ಉಳಿದರೆ ನನ್ನ ಕಣ್ಣು ತಪ್ಪಿಸುವುದಿಲ್ಲ, ಇದನ್ನೂ ನೋಡಿದ್ದೆ. ಇದರರ್ಥ ಏನು ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಅವರು ಹೋಗಿ ಎರಡು ವರ್ಷವಾಗುತ್ತಾ ಬಂತು. ಆ ಗುರುವಾರದ ಹಿಂದಿನ ವಾರ ಘಾಟಿ ಸುಬ್ರಹ್ಮಣ್ಯದಲ್ಲಿ ನೆಂಟರೊಬ್ಬರ ನಾಗಪ್ರತಿಷ್ಠೆ ಇತ್ತು. ಊಟವಾದ ಮೇಲೆ ಸುಧಾಳೂ ನಾನೂ ನಾಗರಕಲ್ಲುಗಳ ಹತ್ತಿರದ ಮರದ ಕೆಳಗೆ ಕೂತಿದ್ದೆವು. ಮಂಗವೊಂದು ಯಾರದೋ ಬಾಳೆಹಣ್ಣು ಕಿತ್ತುಕೊಂಡು ಹೋಯಿತು, ಇಬ್ಬರೂ ನಕ್ಕೆವು. ನಗು ನಿಲ್ಲುವ ಮೊದಲೇ ಅವಳು, "ಅಪ್ಪ ಕೊನೇವರೆಗೂ ನನ್ನ ಹೆಸರು ಎತ್ತಲಿಲ್ಲ ಅಲ್ವಾ ಅತ್ತಿಗೆ?" ಅಂದಳು.

ಎಂಟು ತಿಂಗಳು ಕಟ್ಟಿಟ್ಟದ್ದು, ಮೇಲೆ ಎರಡು ವರ್ಷ ಕಟ್ಟಿಟ್ಟದ್ದು, ಬಾಯಿಗೆ ಬಂದುಬಿಟ್ಟಿತು. "ಎತ್ತಿದ್ರು. ದಿನಾ ಎತ್ತಿದ್ರು. ಬಾ, ತೋರಿಸ್ತೀನಿ" ಎಂದೆ. ಅವಳ ಮುಖ ಹೇಗಾಯಿತೆಂದರೆ, ಅದನ್ನು ನೋಡಿ ನಾನು ಎಷ್ಟು ದೊಡ್ಡದನ್ನು ಬಚ್ಚಿಟ್ಟಿದ್ದೆ ಎಂದು ಅವತ್ತು ತಿಳಿಯಿತು. ಮನೆಗೆ ಬಂದು ನಮ್ಮವರಿಗೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ಮೌನಕ್ಕೆ ಎಲ್ಲ ಸರಿಯಾಗಿದೆ ಎಂಬ ಅರ್ಥವಿರಲಿಲ್ಲ.

ಗುರುವಾರ ಬೆಳಿಗ್ಗೆ ಅದಕ್ಕೇ, ಅವಳು ಬರುವ ಮುಂಚೆ ಸುಧಾ ಇರುವ ಸಾಲುಗಳನ್ನಷ್ಟೇ ಆರಿಸಿ ಇಡೋಣ ಎಂದುಕೊಂಡೆ. ಗ್ರೆಪ್ ಎಂಬುದೊಂದಿದೆ, ಅಕ್ಕಿಯಲ್ಲಿ ಕಲ್ಲು ಆರಿಸುವ ಮೊರದ ಹಾಗೆ, ಬೇಕಾದ ಮಾತಿರುವ ಸಾಲನ್ನು ಮಾತ್ರ ಎತ್ತಿ ಕೊಡುತ್ತದೆ. ಹಿಸ್ಟರಿಯನ್ನು ಪೈಪಿನಲ್ಲಿ ಅದಕ್ಕೆ ಸುರಿದು, ಸುಧಾ ಎಂದು ಬರೆದು, ಎಂಟರ್ ಒತ್ತಿದೆ.

ಒಂದೇ ಸಾಲು ಬಂತು. ಸುಧಾಳನ್ನು ಹುಡುಕು ಎಂದು ಆಗ ತಾನೇ ನಾನು ಬರೆದ ಸಾಲು.

ಬೆರಳು ತಪ್ಪಿರಬೇಕೆಂದು ಮತ್ತೆ ಒತ್ತಿದೆ. ಈಗ ಎರಡು ಸಾಲು, ಎರಡೂ ನನ್ನವೇ. ಕಾಫಿಯನ್ನು ಹುಡುಕಿದೆ. ಬೆನ್ನು ಹುಡುಕಿದೆ. ಆಮೇಲೆ ಎಲ್ಲವನ್ನೂ ಮೊದಲಿನಿಂದ ತೆರೆದೆ. ಒಂದು ಎಂಬ ಸಂಖ್ಯೆಯ ಎದುರು, ಮಾವ ಇವತ್ತು ಉಪ್ಪಿನಕಾಯಿಗೆ ಮಾವಿನಕಾಯಿ ತಂದೆ, ಎಂದಿತ್ತು. ಅಲ್ಲಿಂದ ಕೆಳಗೆ ಕೊನೆಯವರೆಗೆ ನಾನೇ. ನನ್ನ ಸಾರು, ನನ್ನ ಪಲ್ಯ, ನನ್ನ ಮಂಡಿ ನೋವಿನ ಎಣ್ಣೆ.

ಮ್ಯಾನ್ ಎಂದು ಬರೆದರೆ ಕೈಪಿಡಿ ತೆರೆಯುತ್ತದೆ. ಅದನ್ನೂ ಅವರೇ ಹೇಳಿಕೊಟ್ಟದ್ದು. ಉದ್ದದ ಕೈಪಿಡಿ, ಇಂಗ್ಲಿಷು ನನಗೆ ಕಷ್ಟವಲ್ಲ. ಓದಿದೆ. ಇತಿಹಾಸದ ಕಡತದಲ್ಲಿ ಇಂತಿಷ್ಟು ಸಾಲಿಗೇ ಜಾಗ. ಹೆಚ್ಚಾದರೆ ಎಲ್ಲಕ್ಕಿಂತ ಹಳೆಯದನ್ನು ತೆಗೆದುಹಾಕಲಾಗುವುದು. ಎಷ್ಟು ಬಿದ್ದುಹೋದರೂ ಮರುದಿನ ಮತ್ತೆ ಒಂದರಿಂದಲೇ ಎಣಿಕೆ. ಈ ಬರೆಯುವ, ತೆಗೆಯುವ ಕೆಲಸ ನಡೆಯುವುದು ಯಾವಾಗ? ಕೂತವರು ಎಕ್ಸಿಟ್ ಎಂದು ಹೇಳಿ ಹೊರಟಾಗ.

ಇದನ್ನು ಎರಡು ಸಲ ಓದಿದೆ. ನಾನು ದಿನಾ ಕದ್ದು ನೋಡಿ, ಹೇಳದೆ ಕೇಳದೆ ಪ್ಲಗ್ ಕಿತ್ತು ಎದ್ದು ಹೋಗಿದ್ದರೆ ಅವರ ಒಂದು ಸಾಲೂ ಹೋಗುತ್ತಿರಲಿಲ್ಲ. ನಾನೊಂದು ಮಾತಾಡಿದ್ದಕ್ಕೆ ಅವರದೊಂದು ಮಾತು, ದಿನಕ್ಕೆ ಐದಾರು, ಮೇಲಿನ ಅಂಚಿನಿಂದ ಬೀಳುತ್ತಾ ಹೋಗಿವೆ. ಕೊನೆಯದು ಯಾವ ದಿನ ಬಿತ್ತು? ಅವತ್ತು ನಾನು ಏನು ಅಡಿಗೆ ಮಾಡಿದ್ದೆ? ಫೋಟೋ ತೆಗೆದಿಡಬಹುದಿತ್ತು, ಮೊಬೈಲು ಸೊಂಟದಲ್ಲೇ ಇರುತ್ತಿತ್ತು. ಪೇಪರಿನಲ್ಲಿ ಬರೆದಿಡಬಹುದಿತ್ತು. ಹುಳಿಪುಡಿಯ ಅಳತೆಯನ್ನೆಲ್ಲ ಬರೆದಿಟ್ಟವಳು.

ಅವತ್ತು ಎಕ್ಸಿಟ್ ಎನ್ನಲಿಲ್ಲ. ಹಾಗೇ ಕೂತೆ. ಬೀದಿಯಲ್ಲಿ ಮೊದಲ ಮಗ್ಗ ಶುರುವಾಯಿತು.

ಸುಧಾ ಹನ್ನೊಂದಕ್ಕೆ ಸರಿಯಾಗಿ ಬಂದಳು. ಚೀಲದ ತುಂಬ ಅವರೆಕಾಯಿ, ಒಂದು ಬಾಟಲಿಯಲ್ಲಿ ಮನೆಯ ತುಪ್ಪ. ತಲೆಗೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ದೇವಸ್ಥಾನಕ್ಕೆ ಹೊರಟವಳ ಹಾಗೆ. ನೀರು ಕೊಟ್ಟೆ, ಕುಡಿಯಲಿಲ್ಲ. "ಮೊದ್ಲು ಅದನ್ನ ತೋರ್ಸಿ ಅತ್ತಿಗೆ" ಅಂದಳು. ಅವಳನ್ನು ಹೊರಕೋಣೆಗೆ ಕರೆದುಕೊಂಡು ಹೋಗಿ ಮಾವನವರ ಕುರ್ಚಿಯಲ್ಲಿ ಕೂರಿಸಿ, ನಾನು ಸ್ಟೂಲಿನ ಮೇಲೆ ಕೂತು, ಎಲ್ಲ ಹೇಳಿದೆ. ಸಾವಿರ ಸಾಲಿನ ಮಾತು, ಹಳೆಯದು ಬೀಳುವ ಮಾತು. ಹೇಳುತ್ತಾ ಹೋದಹಾಗೆ ಅದು ನನ್ನ ಕಿವಿಗೇ ಒಂದು ನೆಪದ ಹಾಗೆ ಕೇಳಿಸತೊಡಗಿತು. ಹೋಂವರ್ಕ್ ಪುಸ್ತಕವನ್ನು ದನ ತಿಂದಿತು ಎನ್ನುವ ಹುಡುಗಿಯ ಹಾಗೆ.

ಅವಳು ಸಾವಧಾನವಾಗಿ ಕೇಳಿದಳು. ಆಮೇಲೆ, ಅಪ್ಪ ಹೇಗೆ ಒತ್ತುತ್ತಿದ್ದರು ಎಂದಳು. ಎಡಗೈ, ಈ ಬೆರಳು, ಎಂದು ತೋರಿಸಿದೆ. ಅವಳು ತನ್ನ ಎಡಗೈಯ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ತನ್ನ ಹೆಸರು ಒತ್ತಿದಳು. ಎಂಟರ್ ಯಾವುದೆಂದು ನಾನು ತೋರಿಸಿದೆ. ಯಂತ್ರ ಹೇಳಬೇಕಾದ್ದನ್ನು ಹೇಳಿತು.

"ಹಿಂಗೇನಾ ಬರ್ತಿದ್ದಿದ್ದು?"

"ಹೂಂ."

"ಹಿಂಗೆ ಯಾರು ಬೇಕಾದ್ರೂ ಬರೀಬಹುದಲ್ಲ ಅತ್ತಿಗೆ" ಅಂದಳು. ಕೊಂಕಿನಿಂದಲ್ಲ, ನಿಧಾನವಾಗಿ. "ಅವತ್ತು ಘಾಟಿಯಲ್ಲಿ ನಾನು ಅಳೋ ಹಾಗಿದ್ದೆ, ನಂಗೆ ಸಮಾಧಾನ ಆಗ್ಲಿ ಅಂತ ಹೇಳಿದ್ರಿ. ನಿಮ್ಮ ಮನಸ್ಸು ನಂಗೆ ಗೊತ್ತಿಲ್ವಾ. ಬಿಡಿ."

ಆಣೆ ಮಾಡಿದೆ. ನನ್ನ ಮಾತು ನಂಬು ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಒಂದೇ ಪ್ರಶ್ನೆ ಕೇಳಿದಳು: "ನಿಜ್ವಾಗ್ಲೂ ಇದ್ದಿದ್ರೆ, ಅಪ್ಪ ಬದುಕಿದ್ದಾಗಲೇ ನಂಗೊಂದು ಫೋನ್ ಮಾಡ್ತಿರ್ಲಿಲ್ವಾ ನೀವು?"

ಅದಕ್ಕೆ ಉತ್ತರ ಒಂದೇ ಇತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು. ನನ್ನ ಮೇಲಿನ ಗೌರವ ಹೋಗುತ್ತಿತ್ತು, ಅಪ್ಪ ಸಿಗುತ್ತಿದ್ದರು. ಬಾಯಿ ತೆರೆದೆ. ಬರಲಿಲ್ಲ. ಮಾತು ಶುರುವಾಗಿ ಮುಗಿಯದೆ ಕಾಯುತ್ತಾ ಕೂತ ಆ ಪರದೆಯ ಹಾಗೆ ನಾನು ಕೂತಿದ್ದೆ, ಅವಳು ಸಾಕಷ್ಟು ಹೊತ್ತು ಕಾದಳು. ಆಮೇಲೆ ಎದ್ದು, "ಅವರೆಕಾಯಿ ಇವತ್ತೇ ಬಿಡಿಸಿಬಿಡಿ, ಎಳೆಯದು" ಎಂದಳು. ನನಗಾಗಿ ಊಟಕ್ಕೆ ಕೂತಳು. ಎರಡು ತುತ್ತು ತಿಂದು, ಹೊಸಕೋಟೆ ಬಸ್ಸು ತಪ್ಪುತ್ತದೆ ಎಂದು ಹೊರಟಳು. ಗೇಟಿನಲ್ಲಿ ನಿಂತು ಬರ್ತೀನಿ ಎಂದಳು. ಬರುತ್ತಾಳೆಂದು ನನಗೆ ಅನ್ನಿಸಲಿಲ್ಲ.

ಸಂಜೆ ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ನಮ್ಮವರು ಬಂದು, ಸುಧಾ ಎಲ್ಲಿ ಎಂದು ಕೇಳಿ, ನನ್ನ ಮುಖ ನೋಡಿ, ಒಳಗೆ ಹೋಗಿದ್ದರು. ಪಕ್ಕದ ಮನೆಯ ಮುಮ್ತಾಜ್ ಆಪಾ ಗೋಡೆಯ ಮೇಲಿಂದ ಇಣುಕಿದರು. ಅವರ ಅಡಿಗೆಮನೆಯ ಕಿಟಕಿಗೂ ನಮ್ಮ ಹೊರಕೋಣೆಗೂ ನಡುವೆ ಒಂದು ಓಣಿ ಮಾತ್ರ. ಮೊನ್ನೆ ಒಯ್ದಿದ್ದ ಪಾತ್ರೆಯನ್ನು ಗೋಡೆಯ ಮೇಲಿಟ್ಟು, ಅವರೆಕಾಯಿ ಸೊಗಡು ಚೆನ್ನಾಗಿದೆ ಎಂದರು. ಒಂದು ಹಿಡಿ ಕೊಟ್ಟೆ. ಸೆರಗಿನಲ್ಲಿ ಕಟ್ಟಿಕೊಂಡು ಹೊರಟವರು, ಏನೋ ನೆನಪಾಗಿ ತಿರುಗಿದರು.

"ಬೆಳಿಗ್ಗೆ ಏನ್ರೀ, ಮೇಷ್ಟ್ರ ಟಕ್ ಟಕ್ ಅರ್ಧಕ್ಕೇ ನಿಂತ್ಹೋಯ್ತು? ಅವರಿದ್ದಾಗಿಂದ್ಲೂ ದಿನಾ ಅದು ಮುಗಿಯೋ ಹೊತ್ತಿಗೆ ಸರಿಯಾಗಿ ನಾನು ಹಾಲು ಇಳಿಸೋದು. ಕಾಯ್ತಾ ನಿಂತೆ ನೋಡಿ, ಎಲ್ಲಾ ಉಕ್ಕೋಯ್ತು."